ಚರಗ ಚೆಲ್ಲುವುದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

(ವಿಜಯಪುರದಲ್ಲಿ ಹಿರಿಯ ಪ್ರಾಥಮಿಕ ಶಾಲೆಗಳ ಇಂಗ್ಲಿಷ್ ಶಿಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋಗಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಟರ್ನೆಟ್ ಬಳಸಿ 6, 7, 8ನೇ ತರಗತಿಗೆ ಇಂಗ್ಲಿಷ್ ಕಲಿಸುವುದು ಹೇಗೆ ಅಂತ ಮಾತಾಡಲು ಕರೆದಿದ್ದೀರಿ. ಆಪ್‌ಗಳ ಪಟ್ಟಿ ಓದಬಹುದಿತ್ತು. ಆದರೆ ಅಂಥ ಪಟ್ಟಿಗಳು ನಿಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಈಗಾಗಲೇ ಸಾಕಷ್ಟು ಓಡಾಡುತ್ತಿವೆ. ಅದಕ್ಕೇ ನಾನು ಒಂದು ಪತ್ರದ ಕಥೆಯಿಂದ ಶುರು ಮಾಡುತ್ತೇನೆ.

ನಮ್ಮದು ಇಂಡಿ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆ. 7ನೇ ತರಗತಿಯಲ್ಲಿ 34 ಮಕ್ಕಳು. ಸುತ್ತಮುತ್ತ ನಿಂಬೆ ತೋಟ, ಬಿಳಿಜೋಳದ ಹೊಲ. ಎಷ್ಟೋ ಮಕ್ಕಳ ತಂದೆತಾಯಿ ವರ್ಷದಲ್ಲಿ ಕೆಲವು ತಿಂಗಳು ಗೋವಾಕ್ಕೋ ಮಹಾರಾಷ್ಟ್ರದ ಕಬ್ಬಿನ ಗದ್ದೆಗೋ ದುಡಿಯಲು ಹೋಗುತ್ತಾರೆ. ಇಂಗ್ಲಿಷ್ ಈ ಮಕ್ಕಳ ಕಿವಿಗೆ ಬೀಳುವುದು ನನ್ನ 40 ನಿಮಿಷದ ಪೀರಿಯಡ್‌ನಲ್ಲಿ ಮಾತ್ರ. ಅದೂ ಬಹುಪಾಲು ನನ್ನ ಬಾಯಿಂದಲೇ.

ಮೂರು ವರ್ಷದ ಹಿಂದೆ ಒಂದು ಆನ್‌ಲೈನ್ ತರಬೇತಿಯಲ್ಲಿ ತಮಿಳುನಾಡಿನ ತೂತ್ತುಕುಡಿಯ ಒಬ್ಬ ಶಿಕ್ಷಕಿಯ ಪರಿಚಯವಾಯಿತು. ಅವರದೂ ಸರ್ಕಾರಿ ಶಾಲೆ, ತಮಿಳು ಮಾಧ್ಯಮ. ಮಾತಾಡುತ್ತಾ ಒಂದು ವಿಷಯ ಹೊಳೆಯಿತು. ಅವರ ಮಕ್ಕಳಿಗೆ ಕನ್ನಡ ಬರುವುದಿಲ್ಲ, ನಮ್ಮ ಮಕ್ಕಳಿಗೆ ತಮಿಳು ಬರುವುದಿಲ್ಲ. ಇಬ್ಬರ ನಡುವೆ ಇರುವುದು ಅರ್ಧಂಬರ್ಧ ಇಂಗ್ಲಿಷ್ ಮಾತ್ರ. ಹಾಗಾದರೆ ಇವರು ಅವರಿಗೆ ಪತ್ರ ಬರೆಯಲಿ ಅಂದುಕೊಂಡೆವು. ಹದಿನೈದು ದಿನಕ್ಕೊಂದು ಮೇಲ್. ಮಕ್ಕಳು ಹಾಳೆಯಲ್ಲಿ ಬರೆಯುತ್ತಾರೆ, ನಾನು ಫೋಟೊ ತೆಗೆದು ನನ್ನ ಮೇಲ್‌ನಿಂದ ಕಳಿಸುತ್ತೇನೆ. ಅಷ್ಟೇ ವ್ಯವಸ್ಥೆ.

ಮೊದಲ ಪತ್ರಗಳು ನಿಮಗೆಲ್ಲ ಗೊತ್ತಿರುವಂಥವೇ. ‘ಮೈ ನೇಮ್ ಈಸ್’, ‘ಮೈ ಸ್ಕೂಲ್ ಈಸ್ ಬ್ಯೂಟಿಫುಲ್’. 34 ಹಾಳೆಯಲ್ಲೂ ಅದೇ ಐದು ವಾಕ್ಯ. ಎಳ್ಳಮವಾಸೆ ಆದ ಮೇಲೆ ಮಾತ್ರ ಬೇರೆಯಾಯಿತು. ಹಬ್ಬದ ಬಗ್ಗೆ ಬರೆಯಿರಿ ಅಂದಿದ್ದೆ. ಒಬ್ಬ ಹುಡುಗಿ ಚರಗ ಚೆಲ್ಲುವುದರ ಬಗ್ಗೆ, ಅಂದರೆ ಹೊಲದಲ್ಲಿ ಭೂಮಿತಾಯಿಗೆ ಉಣಿಸುವ ನಮ್ಮ ಕಡೆಯ ಪದ್ಧತಿಯ ಬಗ್ಗೆ, ಬರೆದಳು. ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದು, ಸಜ್ಜೆ ರೊಟ್ಟಿ, ಕಡಬು, ಎಣ್ಣೆಗಾಯಿ ಬದನೆ ಕಟ್ಟಿಕೊಂಡು ಹೋಗಿದ್ದು, ಎಲ್ಲ ಬಂತು. ನಡುವೆ ಒಂದು ವಾಕ್ಯ: ‘ವಿ ಥ್ರೋ ಫುಡ್ ಇನ್ ದ ಫೀಲ್ಡ್.’

ಹತ್ತು ದಿನದ ಮೇಲೆ ತೂತ್ತುಕುಡಿಯಿಂದ ಉತ್ತರ ಬಂತು. ಅಲ್ಲಿನ ಒಬ್ಬ ಹುಡುಗ ಕೇಳಿದ್ದ: ‘ವೈ ಡು ಯು ವೇಸ್ಟ್ ಫುಡ್?’

ಆ ದಿನ ನಮ್ಮ ತರಗತಿ ನೀವು ನೋಡಬೇಕಿತ್ತು. ಓದಿ ಹೇಳಿದ ಕೂಡಲೇ ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಆಮೇಲೆ ಸಿಟ್ಟು. ‘ಅಕ್ಕೋರ, ನಾವೆಲ್ಲಿ ವೇಸ್ಟ್ ಮಾಡೀವ್ರಿ? ಭೂಮಿತಾಯಿಗಿ ಉಣಸೀವ್ರಿ’ ಅಂದಳು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ‘ಅವನಿಗಿ ಈಗ ಬರೀರ್ರಿ’ ಅಂದ. ನಾನು ಹೇಳಿದೆ, ‘ಬರೆಯೋಣ. ಆದರೆ ಅವನದೇನು ತಪ್ಪು? ನಾವು ಥ್ರೋ ಅಂತ ಬರೆದೆವು. ಅವನು ಅದನ್ನೇ ಓದಿದ.’

ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ತಪ್ಪಾದ ಇಂಗ್ಲಿಷಿಗೆ ನಾನು ಎಷ್ಟು ವರ್ಷದಿಂದ ಕೆಂಪು ಗೆರೆ ಎಳೆಯುತ್ತಾ ಬಂದಿದ್ದೇನೆ! ಆ ಗೆರೆ ಯಾವ ಮಗುವನ್ನೂ ಹೀಗೆ ತಟ್ಟಿರಲಿಲ್ಲ. ಇಲ್ಲಿ ವ್ಯಾಕರಣ ಸರಿಯಿತ್ತು, ಸ್ಪೆಲಿಂಗ್ ಸರಿಯಿತ್ತು. ನಾನು ಆ ವಾಕ್ಯಕ್ಕೆ ಪೂರ್ತಿ ಅಂಕ ಕೊಟ್ಟಿದ್ದೆ. ಆದರೂ ಓದಿದವನಿಗೆ ತಲುಪಿದ್ದು ಬೇರೆಯೇ ಅರ್ಥ. ಓದುವವನೊಬ್ಬ ಇದ್ದಿದ್ದರಿಂದ ತಾನೇ ಅದು ಗೊತ್ತಾಗಿದ್ದು?

ಸರಿಯಾದ ಶಬ್ದ ಹುಡುಕಲು ಶುರು ಮಾಡಿದೆವು. ಕನ್ನಡದಲ್ಲಿ ಚೆಲ್ಲು ಅನ್ನುವುದು ಬಹಳ ದೊಡ್ಡ ಶಬ್ದ ನೋಡಿ. ಹಾಲು ಚೆಲ್ಲಿತು ಅನ್ನುತ್ತೇವೆ, ಬೆಳಕು ಚೆಲ್ಲಿತು ಅನ್ನುತ್ತೇವೆ, ಚರಗವನ್ನೂ ಚೆಲ್ಲುತ್ತೇವೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಬೇರೆ ಬೇರೆ ಶಬ್ದ. ಡಿಕ್ಷನರಿಯಲ್ಲಿ ಅರ್ಥ ಓದಿದರೆ ಎಲ್ಲ ಒಂದೇ ಥರ ಕಾಣುತ್ತದೆ. ಹಾಗಾಗಿ ನನ್ನ ಮೊಬೈಲನ್ನು ಟಿವಿಗೆ ಜೋಡಿಸಿ, ಒಂದೊಂದೇ ಶಬ್ದ ಹಾಕಿ ಚಿತ್ರ ಹುಡುಕಿದೆವು. ‘ಸ್ಪಿಲ್’ ಅಂತ ಹಾಕಿದರೆ ಉರುಳಿದ ಲೋಟ, ನೆಲದ ಮೇಲೆ ಹಾಲು. ‘ಇದಲ್ಲ’ ಅಂದರು. ‘ಸ್ಪ್ರಿಂಕಲ್’ ಅಂದರೆ ಬೆರಳ ತುದಿಯಿಂದ ಉಪ್ಪು ಉದುರಿಸುವ ಚಿತ್ರ. ‘ಸ್ವಲ್ಪ ಹಂಗೇ ಐತ್ರಿ, ಆದ್ರ ಭಾಳ ಸಣ್ಣದಾತು.’ ‘ಸ್ಕ್ಯಾಟರ್’ ಹಾಕಿದಾಗ ಒಬ್ಬ ರೈತ ಕೈ ಬೀಸಿ ಬೀಜ ಎರಚುತ್ತಿದ್ದ ಚಿತ್ರ ಬಂತು. ‘ಇದೇ ರೀ!’ ಅಂತ ಇಡೀ ಕ್ಲಾಸು ಕೂಗಿತು.

ಆದರೆ ಆ ಹುಡುಗಿಗೆ ಅದೂ ಸಾಲಲಿಲ್ಲ. ‘ಎರಚತೀವಿ ಖರೆ. ಯಾಕ ಎರಚತೀವಿ ಅನ್ನೂದು ಅದರಾಗ ಬರ್‍ಲಿಲ್ಲಲ್ರಿ?’ ಎಂಥ ಪ್ರಶ್ನೆ ನೋಡಿ. ದೇವರಿಗೆ ನೈವೇದ್ಯ ಕೊಡುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆ ಅಂತ ಬೇರೆ ಬೇರೆ ಹಬ್ಬಗಳ ಪುಟ ಓದಿದೆವು. ಅಲ್ಲಿ ಸಿಕ್ಕಿದ್ದು ‘ಆಫರಿಂಗ್’. ಎರಡು ಪೀರಿಯಡ್ ಕಳೆದ ಮೇಲೆ ಹೋದ ವಾಕ್ಯ ಇದು: ‘ವಿ ಸ್ಕ್ಯಾಟರ್ ಸಮ್ ಫುಡ್ ಇನ್ ದ ಫೀಲ್ಡ್ ಆ್ಯಸ್ ಆ್ಯನ್ ಆಫರಿಂಗ್ ಟು ಮದರ್ ಅರ್ತ್. ಬರ್ಡ್ಸ್ ಈಟ್ ಇಟ್. ದೆನ್ ವಿ ಆಲ್ ಈಟ್ ಟುಗೆದರ್.’ ಹಕ್ಕಿಗಳ ವಾಕ್ಯ ಸೇರಿಸಿದ್ದು ಹಿಂದಿನ ಬೆಂಚಿನ ಆ ಹುಡುಗ. ಅಲ್ಲಿಯವರೆಗೆ ಅವನು ನೋಟ್‌ಬುಕ್ಕಿನಲ್ಲಿ ಬೋರ್ಡ್ ನೋಡಿ ಬರೆದದ್ದು ಬಿಟ್ಟರೆ ಸ್ವಂತ ಒಂದು ಸಾಲು ಬರೆದವನಲ್ಲ.

ನಾನು ಇವತ್ತು ಹೇಳಬೇಕೆಂದು ಬಂದಿದ್ದೂ ಇದನ್ನೇ. ಇಂಟರ್ನೆಟ್ ಅಂದ ಕೂಡಲೇ ನಾವು ಪಾಠ ವಿವರಿಸುವ ವಿಡಿಯೊ ಹುಡುಕುತ್ತೇವೆ. ನಾವು ಹೇಳುವುದನ್ನೇ ಇನ್ನೊಬ್ಬರು ಚಂದವಾಗಿ ಹೇಳುತ್ತಾರೆ, ಮಕ್ಕಳು ನೋಡುತ್ತಾ ಕೂರುತ್ತಾರೆ. ಪಾಠಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರಲ್ಲಿ ಶುರುವಾದ ದೀಕ್ಷಾ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಅಂಥವು ಸಿಗುತ್ತವೆ. ಬೇಕಾದಾಗ ಬಳಸಿ, ನಾನೂ ಬಳಸುತ್ತೇನೆ. ಆದರೆ ನಮ್ಮ ಮಕ್ಕಳಿಗೆ ವಿವರಣೆಯ ಕೊರತೆ ಅಷ್ಟಿಲ್ಲ. ಅವರು ಬರೆದದ್ದನ್ನು ಓದುವವರಿಲ್ಲ. ಅವರ ಮಾತಿಗೆ ‘ಹೌದಾ? ಯಾಕೆ?’ ಅನ್ನುವವರಿಲ್ಲ. ಇಂಟರ್ನೆಟ್ ಆ ಒಬ್ಬನನ್ನು ತಂದುಕೊಡಬಲ್ಲದು. ಕರ್ನಾಟಕದಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅಂದರೆ 7ನೇ ತರಗತಿಗೆ ಬರುವ ಮಗು ಆರು ವರ್ಷ ಇಂಗ್ಲಿಷ್ ಬರೆದಿರುತ್ತದೆ. ಅಷ್ಟೂ ವರ್ಷ ಅದನ್ನು ಓದಿದವರು ಟೀಚರ್ ಒಬ್ಬರೇ. ಅದೂ ಉತ್ತರ ಮೊದಲೇ ಗೊತ್ತಿರುವ ಟೀಚರ್.

ಈಗ ಓದುವುದರ ಕಡೆ ಬರೋಣ. ಇದಕ್ಕೆ ನಾನು ಗೋಳಗುಮ್ಮಟದ ಉದಾಹರಣೆ ಕೊಡುತ್ತೇನೆ. ನಾವು ಕೂತಿರುವ ಊರಿನ ಗುಮ್ಮಟ ಅಲ್ವಾ? ನಮ್ಮ ಮಕ್ಕಳು ಪ್ರವಾಸದಲ್ಲಿ ನೋಡಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಬಂದಿದ್ದರು. ಡಿಗ್ರೀಸ್ ಆಫ್ ಕಂಪ್ಯಾರಿಸನ್ ಪಾಠ ಇತ್ತು. ಬಿಗ್, ಬಿಗ್ಗರ್, ಬಿಗ್ಗೆಸ್ಟ್ ಅಂತ ಬೋರ್ಡ್ ಮೇಲೆ ಬರೆಯುವ ಬದಲು, ಗೋಳಗುಮ್ಮಟದ ಬಗ್ಗೆ ನಾಲ್ಕು ಬೇರೆ ಬೇರೆ ವೆಬ್‌ಸೈಟುಗಳಿಂದ ಒಂದೊಂದು ಪ್ಯಾರಾ ತೆಗೆದು ಪ್ರಿಂಟ್ ಹಾಕಿಸಿದೆ. ನಾಲ್ಕು ಗುಂಪಿಗೆ ನಾಲ್ಕು ಹಾಳೆ.

ಒಂದು ಹಾಳೆಯಲ್ಲಿ ಇದು ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ. ಇನ್ನೊಂದರಲ್ಲಿ ‘ವನ್ ಆಫ್ ದ ಲಾರ್ಜೆಸ್ಟ್’. ಮತ್ತೊಂದರಲ್ಲಿ ಭಾರತದ ಅತಿ ದೊಡ್ಡದು. ಪ್ರತಿಧ್ವನಿ ಒಂದು ಕಡೆ ಏಳು ಸಲ, ಇನ್ನೊಂದು ಕಡೆ ಹತ್ತು ಸಲ. ಗುಂಪುಗಳ ನಡುವೆ ಜಗಳವೇ ಶುರುವಾಯಿತು. ಜಗಳ ಶುರುವಾದ ಕಡೆ ಓದು ಶುರುವಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಹಾಳೆಯ ವಾಕ್ಯವನ್ನು ಬೆರಳಿಟ್ಟು, ಮತ್ತೆ ಮತ್ತೆ ಓದಿದರು.

ಆಮೇಲೆ ಅಳತೆಗೆ ಹೋದೆವು. ಗೋಳಗುಮ್ಮಟ 1656ರಲ್ಲಿ, ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡ ವರ್ಷ, ಮುಗಿದ ಕಟ್ಟಡ. ಗುಮ್ಮಟದ ಹೊರಗಿನ ಅಡ್ಡಳತೆ ಸುಮಾರು 44 ಮೀಟರ್, ಒಳಗಿನದು ಸುಮಾರು 38. ರೋಮಿನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟದ ಒಳ ಅಳತೆ ಸುಮಾರು 42 ಮೀಟರ್. ಅದೇ ರೋಮಿನ ಪ್ಯಾಂಥಿಯನ್, ಎರಡನೇ ಶತಮಾನದ್ದು, 43 ಮೀಟರ್ ದಾಟುತ್ತದೆ. 2014ರಲ್ಲಿ ತೆರೆದ ಸಿಂಗಪುರದ ಕ್ರೀಡಾಂಗಣದ ಗುಮ್ಮಟವಂತೂ 310 ಮೀಟರ್. ಮಕ್ಕಳು ಇದನ್ನೆಲ್ಲ ಹುಡುಕಿ ಬೋರ್ಡ್ ಮೇಲೆ ಬರೆದರು. ಒಳಗೆ ಅಳೆದರೆ ಒಂದು ಕ್ರಮ, ಹೊರಗೆ ಅಳೆದರೆ ಇನ್ನೊಂದು. ಹಳೆಯ ಕಟ್ಟಡಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಒಂದು, ಇವತ್ತಿನವನ್ನು ಸೇರಿಸಿದರೆ ಮತ್ತೊಂದು. ಕೆಲವು ಮಕ್ಕಳಿಗೆ ಬೇಜಾರಾಯಿತು, ನಮ್ಮ ಗುಮ್ಮಟ ಎರಡನೆಯದು ಅಲ್ಲವಲ್ಲ ಅಂತ. ಹಾಗಾದರೆ ನಾವು ಸುಳ್ಳಿಲ್ಲದ ಒಂದು ವಾಕ್ಯ ಬರೆಯೋಣ, ಅದು ಹೆಮ್ಮೆಯದೂ ಆಗಿರಲಿ ಅಂದೆ. ಬಂದ ವಾಕ್ಯ: ‘ಗೋಲ್ ಗುಂಬಜ್ ಈಸ್ ವನ್ ಆಫ್ ದ ಲಾರ್ಜೆಸ್ಟ್ ಓಲ್ಡ್ ಡೋಮ್ಸ್ ಇನ್ ದ ವರ್ಲ್ಡ್.’ ‘ಓಲ್ಡ್’ ಅನ್ನುವ ಒಂದು ಶಬ್ದ ಆ ವಾಕ್ಯವನ್ನು ಕಾಪಾಡಿತು. ‘ವನ್ ಆಫ್ ದ’ ಬಂದ ಮೇಲೆ ‘ಡೋಮ್’ ಅಲ್ಲ ‘ಡೋಮ್ಸ್’ ಆಗಬೇಕು ಅನ್ನುವುದನ್ನು ಆಮೇಲೆ ನಾನು ಎರಡನೇ ಸಲ ಹೇಳಬೇಕಾಗಲಿಲ್ಲ.

ಇಂಟರ್ನೆಟ್‌ನಲ್ಲಿ ಓದುವುದನ್ನು ಬೇರೆಯಾಗಿಯೇ ಕಲಿಸಬೇಕು ಅಂತ ನಾನು ನಂಬುವುದು ಇದಕ್ಕೇ. ಅಮೆರಿಕದಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಲ್ಯೂ ಅವರ ತಂಡ 7ನೇ ತರಗತಿಯ 25 ಮಕ್ಕಳಿಗೆ ಒಂದು ವೆಬ್‌ಸೈಟ್ ತೋರಿಸಿತ್ತು. ಮರದ ಮೇಲೆ ಬದುಕುವ ಆಕ್ಟೋಪಸ್ ಬಗ್ಗೆ. ಅಂಥ ಪ್ರಾಣಿಯೇ ಇಲ್ಲ. 1998ರಲ್ಲಿ ಯಾರೋ ತಮಾಷೆಗೆ ಮಾಡಿದ ಸೈಟ್ ಅದು. ಚಿತ್ರ, ವೈಜ್ಞಾನಿಕ ಹೆಸರು, ಎಲ್ಲ ಇತ್ತು. ಬಹುತೇಕ ಎಲ್ಲ ಮಕ್ಕಳೂ ನಂಬಿದರು. ಮಾತೃಭಾಷೆಯಂತೆ ಇಂಗ್ಲಿಷ್ ಆಡುವ ದೇಶದ ಮಕ್ಕಳು ಅವರು. ಭಾಷೆ ಬಂದ ಮಾತ್ರಕ್ಕೆ ಓದು ಬಂದಂತಲ್ಲ. ನಮ್ಮ ಮಕ್ಕಳಿಗಂತೂ ಇಂಗ್ಲಿಷಿನಲ್ಲಿ ಅಚ್ಚಾಗಿದ್ದೆಲ್ಲ ನಿಜ ಅನ್ನುವ ಒಂದು ಅಂಜಿಕೆ ಬೇರೆ ಇದೆ. ಅದನ್ನು ಬಿಡಿಸಲು ನಾಲ್ಕು ಹಾಳೆ ಸಾಕು.

ಯಾವ ಸೈಟ್ ಅಂತ ಕೇಳುತ್ತೀರಿ, ಹೇಳಿಬಿಡುತ್ತೇನೆ. ವಿಕಿಪೀಡಿಯಾದಲ್ಲಿ ಸಿಂಪಲ್ ಇಂಗ್ಲಿಷ್ ಅಂತ ಬೇರೆಯೇ ಒಂದು ವಿಕಿಪೀಡಿಯಾ ಇದೆ. ಚಿಕ್ಕ ವಾಕ್ಯ, ಸುಲಭ ಶಬ್ದ. ನಮ್ಮ 7ನೇ ತರಗತಿಗೆ ಹೊಂದುತ್ತದೆ. ಕಥೆಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್. 2015ರಲ್ಲಿ ಶುರುವಾಯಿತು, ದುಡ್ಡು ಕೊಡಬೇಕಿಲ್ಲ. ಒಂದೇ ಕಥೆ ಎಷ್ಟೋ ಸಲ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ. ಓದಿನ ಮಟ್ಟ ಒಂದರಿಂದ ನಾಲ್ಕರವರೆಗೆ ವಿಂಗಡಿಸಿದ್ದಾರೆ. 7ನೇ ತರಗತಿಯ ಮಗುವಿಗೆ ಒಂದನೇ ಮಟ್ಟದ ಪುಸ್ತಕ ಕೊಡಲು ನಾಚಿಕೆಪಡಬೇಡಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ಇಂಗ್ಲಿಷ್ ಪುಸ್ತಕವನ್ನು ತಾನೇ ಓದಿ ಮುಗಿಸಿದ ಮಗುವಿನ ಮುಖ ಒಂದು ಸಲ ನೋಡಿ.

ಕೇಳುವುದರ ಬಗ್ಗೆಯೂ ಒಂದು ಮಾತು. ನಾನೂ ಕನ್ನಡ ಮಾಧ್ಯಮದಲ್ಲೇ ಕಲಿತವಳು. ನನ್ನ ಮಾಸ್ತರರು ಹೇಗೆ ಹೇಳಿಕೊಟ್ಟರೋ ಹಾಗೇ ‘ವೆಜ್‌ಟಬಲ್’ ಅನ್ನುವುದನ್ನು ‘ವೆಜಿಟೇಬಲ್’ ಅಂತ ವರ್ಷಗಟ್ಟಲೆ ಹೇಳಿದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನಲ್ಲಿ ಹಾಗಿಲ್ಲ. ನಮ್ಮ ಮಾಸ್ತರರಿಗೆ ಕೇಳಿಸಿಕೊಳ್ಳಲು ಯಾವ ದಾರಿಯೂ ಇರಲಿಲ್ಲ. ಈಗ ಕೇಂಬ್ರಿಜ್ ಡಿಕ್ಷನರಿಯ ಸೈಟಿನಲ್ಲಿ ಪ್ರತಿ ಶಬ್ದದ ಪಕ್ಕ ಸ್ಪೀಕರಿನ ಗುರುತಿದೆ, ಬ್ರಿಟಿಷರದು ಒಂದು, ಅಮೆರಿಕದವರದು ಒಂದು. ಮಕ್ಕಳಿಗೆ ಎರಡನ್ನೂ ಕೇಳಿಸಿ. ಅವರೂ ಒಂದೇ ಥರ ಮಾತಾಡುವುದಿಲ್ಲ ಅಂತ ತಿಳಿದರೆ ನಮ್ಮ ಮಕ್ಕಳ ಅರ್ಧ ಹೆದರಿಕೆ ಹೋಗುತ್ತದೆ. ನಮ್ಮ ಕಡೆಯ ಉಚ್ಚಾರ ಇದ್ದರೂ ಪರವಾಗಿಲ್ಲ, ಎದುರಿನವರಿಗೆ ತಿಳಿದರೆ ಸಾಕು. ಲಿಬ್ರಿವಾಕ್ಸ್ ಅಂತ ಇದೆ, 2005ರಿಂದ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ಗಟ್ಟಿಯಾಗಿ ಓದಿ ಹಾಕಿದ್ದಾರೆ. ಅಲ್ಲಿಂದ ಈಸೋಪನ ಚಿಕ್ಕ ಕಥೆಗಳನ್ನು ಇಳಿಸಿಕೊಂಡು, ವೇಗ ಸ್ವಲ್ಪ ಕಡಿಮೆ ಮಾಡಿ, ಕೈಯಲ್ಲಿ ಅಚ್ಚಾದ ಹಾಳೆ ಕೊಟ್ಟು ಕೇಳಿಸುತ್ತೇನೆ. ಕಿವಿ ಮತ್ತು ಕಣ್ಣು ಒಟ್ಟಿಗೆ ಹೋಗಬೇಕು. ಬರೀ ಕೇಳಿಸಿದರೆ ಅದು ರೇಡಿಯೊ ಥರ ಹೋಗಿಬಿಡುತ್ತದೆ.

ಇನ್ನು ನೀವೆಲ್ಲ ಮನಸ್ಸಿನಲ್ಲೇ ಕೇಳುತ್ತಿರುವ ಪ್ರಶ್ನೆ: ನೆಟ್ ಎಲ್ಲಿ ಬರುತ್ತದೆ ಮೇಡಂ? ನಮ್ಮ ಶಾಲೆಯಲ್ಲೂ ಸರಿಯಾಗಿ ಬರುವುದಿಲ್ಲ. ಕರೆಂಟು ಮಧ್ಯಾಹ್ನ ಇದ್ದರೆ ಇತ್ತು. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇತ್ತು, ಹಾಳಾದೀತು ಅಂತ ಎರಡು ವರ್ಷ ಬೀಗ ಹಾಕಿ ಇಟ್ಟಿದ್ದರು. ಅದಕ್ಕಿಂತ ಬೀಗವಿಲ್ಲದ ಒಂದು ಮೊಬೈಲ್ ಎಷ್ಟೋ ಮೇಲು. ನಾನು ಹೇಳಿದ್ದರಲ್ಲಿ ತರಗತಿಯೊಳಗೆ ನೆಟ್ ಬೇಕಾಗಿದ್ದು ತುಂಬಾ ಕಡಿಮೆ. ರಾತ್ರಿ ಮನೆಯಲ್ಲಿ ಇಳಿಸಿಕೊಳ್ಳುತ್ತೇನೆ. ಇಂಡಿಯಲ್ಲಿ ಝರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಒಂದು ಬ್ಲೂಟೂತ್ ಸ್ಪೀಕರ್ ಇದೆ. ಮಕ್ಕಳ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಮರುದಿನ ಉತ್ತರದ ಪುಟ ತರುತ್ತೇನೆ. ಈ ಒಂದು ದಿನದ ಕಾಯುವಿಕೆಯೂ ಒಳ್ಳೆಯದೇ. ಉತ್ತರ ಏನಿರಬಹುದು ಅಂತ ಅವರು ಅಷ್ಟರಲ್ಲಿ ವಾದ ಮಾಡಿರುತ್ತಾರೆ.

ಮನೆಗೆಲಸಕ್ಕೆ ಮೊಬೈಲ್ ಬೇಕು ಅಂತ ಮಾತ್ರ ನಾನು ಹೇಳುವುದಿಲ್ಲ. ಎಷ್ಟೋ ಮನೆಯಲ್ಲಿ ಇರುವ ಒಂದೇ ಫೋನ್ ಅಪ್ಪನ ಜೊತೆ ಗೋವಾದಲ್ಲಿರುತ್ತದೆ. ಇದ್ದರೂ ಅಣ್ಣನ ಕೈಗೆ ಸಿಕ್ಕಷ್ಟು ಸುಲಭವಾಗಿ ತಂಗಿಯ ಕೈಗೆ ಸಿಗುವುದಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ಮನೆಯ ಫೋನ್ ಮೇಲೆ ನಿಂತ ಮನೆಗೆಲಸ ಹೆಣ್ಣುಮಕ್ಕಳನ್ನೇ ಮೊದಲು ಹಿಂದೆ ಬಿಡುತ್ತದೆ. ಹಾಗಾಗಿ ಇಂಟರ್ನೆಟ್ ಶಾಲೆಯೊಳಗೆ, ನನ್ನ ಕೈಯಿಂದಲೇ ಬರಲಿ.

ನನ್ನ ಮೇಲ್‌ನಿಂದಲೇ ಯಾಕೆ ಕಳಿಸುತ್ತೇನೆ ಅಂತಲೂ ಹೇಳಬೇಕು. 13 ತುಂಬದ ಮಗು ಗೂಗಲ್‌ನಲ್ಲಿ ತಾನೇ ಖಾತೆ ತೆರೆಯುವಂತಿಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 18ರೊಳಗಿನವರನ್ನೆಲ್ಲ ಮಕ್ಕಳು ಅನ್ನುತ್ತದೆ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಪತ್ರದಲ್ಲಿ ಮಗುವಿನ ಮೊದಲ ಹೆಸರು ಮಾತ್ರ. ಮುಖದ ಫೋಟೊ ಇಲ್ಲ, ಮನೆ ವಿಳಾಸ ಇಲ್ಲ. ಪಾಲಕರ ಸಭೆಯಲ್ಲಿ ಪತ್ರಗಳನ್ನು ಕನ್ನಡಕ್ಕೆ ಮಾಡಿ ಓದಿ ತೋರಿಸುತ್ತೇವೆ. ಚರಗದ ಪತ್ರ ಓದಿದ ದಿನ ಒಬ್ಬ ಅಜ್ಜಿ, ‘ನಮ್ಮ ಹೊಲದ ಸುದ್ದಿ ಅಲ್ಲೀತನಕ ಹೋತೇನವಾ’ ಅಂತ ಕೇಳಿದರು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬ ಸರ್ ಕೇಳಿದ್ದು, ಗೂಗಲ್ ಟ್ರಾನ್ಸ್‌ಲೇಟ್ ಇದೆ, ಚಾಟ್‌ಜಿಪಿಟಿ ಇದೆ, ಮಕ್ಕಳು ಅದರಲ್ಲೇ ಬರೆಸಿಕೊಂಡು ಬಂದರೆ? ನಾನು ಅದನ್ನು ಬಚ್ಚಿಡುವುದಿಲ್ಲ. ಕನ್ನಡ ವಾಕ್ಯವನ್ನು ಇಂಗ್ಲಿಷಿಗೆ ಮಾಡಿಸುತ್ತೇವೆ, ಆ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ಮಾಡಿಸುತ್ತೇವೆ. ನಡುವೆ ಏನು ಕಳೆದುಹೋಯಿತು ಅಂತ ಮಕ್ಕಳೇ ಹುಡುಕುತ್ತಾರೆ. ನಮ್ಮ ಭಾಗದ ಮಾತು, ನಮ್ಮ ಅಡುಗೆ, ನಮ್ಮ ಹಬ್ಬ ಬಂದ ಕಡೆ ಅವರ ಕಣ್ಣು ಬಲು ಚುರುಕು. ಇನ್ನೊಂದು ಏನೆಂದರೆ, ತೂತ್ತುಕುಡಿಯ ಗೆಳೆಯನಿಗೆ ತನ್ನ ಹೊಲದ ಬಗ್ಗೆ ಹೇಳಬೇಕು ಅನ್ನುವ ಮಗುವಿಗೆ ಬೇರೆಯವರಿಂದ ಬರೆಸಿಕೊಳ್ಳುವ ಆಸೆ ಕಡಿಮೆ. ಬರೆಸಿಕೊಂಡರೂ ಅಲ್ಲಿಂದ ಬರುವ ಮರುಪ್ರಶ್ನೆಗೆ ತಾನೇ ಉತ್ತರಿಸಬೇಕಲ್ಲ?

ಕನ್ನಡದಲ್ಲಿ ಇಷ್ಟೊಂದು ಮಾತಾಡಿಸಿದರೆ ಇಂಗ್ಲಿಷ್ ಯಾವಾಗ ಬರುತ್ತದೆ ಅಂತ ಇನ್ನೊಬ್ಬರು ಕೇಳಿದರು. ಚರಗದ ಎರಡು ಪೀರಿಯಡ್ ಪೂರ್ತಿ ಕನ್ನಡದಲ್ಲೇ ನಡೆದಿದ್ದು. ಯೋಚನೆ ಕನ್ನಡದಲ್ಲಿ ಆಗದಿದ್ದರೆ ಆ ಮೂರು ಇಂಗ್ಲಿಷ್ ವಾಕ್ಯ ಹುಟ್ಟುತ್ತಲೇ ಇರಲಿಲ್ಲ. ಆ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಮಾರ್ಕ್ಸ್ ಜಾಸ್ತಿ ಬಂತಾ ಅಂತಲೂ ಕೇಳಿದರು. ಕೆಲವರಿಗೆ ಬಂತು, ಕೆಲವರಿಗೆ ಇಲ್ಲ. ಆದರೆ ಪರೀಕ್ಷೆಯಲ್ಲಿ ಪತ್ರ ಬರೆಯುವ ಪ್ರಶ್ನೆಯನ್ನು ಖಾಲಿ ಬಿಡುವವರು ನಮ್ಮ ತರಗತಿಯಲ್ಲಿ ಈಗ ಯಾರೂ ಇಲ್ಲ.

ಕೊನೆಗೆ ಒಬ್ಬ ಯುವ ಶಿಕ್ಷಕಿ, ‘ಈಗ ಏನು ನಡೀತಿದೆ ಮೇಡಂ, ಪತ್ರದಲ್ಲಿ?’ ಅಂದರು. ಈಗ ಪುಂಡಿಪಲ್ಲೆ ನಡೆಯುತ್ತಿದೆ. ಊಟದ ಬಗ್ಗೆ ಬರೆಯುವಾಗ ಪುಂಡಿಗೆ ಇಂಗ್ಲಿಷಿನಲ್ಲಿ ಏನು ಅಂತ ಸಿಕ್ಕಿಹಾಕಿಕೊಂಡರು. ‘ಸವರ್ ಲೀಫ್’ ಅಂತ ಒಬ್ಬ ಬರೆದ. ಹುಳಿ ಎಲೆ ಅಂದರೆ ಯಾವುದೂ ಆಗಬಹುದು ಅಂತ ಉಳಿದವರು ಒಪ್ಪಲಿಲ್ಲ. ಹುಡುಕಿ ಹುಡುಕಿ, ಅದು ದಾಸವಾಳದ ಕುಟುಂಬದ ಗಿಡ ಅಂತ ಗೊತ್ತಾಯಿತು. ಎಲೆಯ ಚಿತ್ರ ಬರೆದು, ‘ಇಟ್ ಈಸ್ ಎ ಕಸಿನ್ ಆಫ್ ಹೈಬಿಸ್ಕಸ್. ವಿ ಕುಕ್ ಇಟ್ ವಿತ್ ಜೋಳ’ ಅಂತ ಕಳಿಸಿದರು. ಜೋಳ ಅನ್ನುವುದನ್ನು ಹಾಗೇ ಬಿಟ್ಟಿದ್ದರು, ಅವರು ಕೇಳಲಿ ಅಂತ.

ಹೋದ ವಾರ ಉತ್ತರ ಬಂತು. ಅಲ್ಲಿಯ ಒಬ್ಬ ಹುಡುಗಿ ಬರೆದಿದ್ದಾಳೆ: ‘ವಿ ಹ್ಯಾವ್ ಇಟ್. ವಿ ಕಾಲ್ ಇಟ್ ಪುಳಿಚ್ಚ ಕೀರೈ. ಮೈ ಗ್ರ್ಯಾಂಡ್‌ಮದರ್ ಮೇಕ್ಸ್ ಇಟ್. ವಾಟ್ ಈಸ್ ಜೋಳ?’ ಸೋಮವಾರ ನಮ್ಮವರು ಬರೆಯಬೇಕು. ಈಗಾಗಲೇ ಒಬ್ಬ ಹೊಲದಿಂದ ತೆನೆಯೊಂದನ್ನು ತಂದು ನನ್ನ ಟೇಬಲ್ ಮೇಲೆ ಇಟ್ಟಿದ್ದಾನೆ.